ಕರೆಂಟು ಬಂದ ಮೇಲೆ ಹಂಚಿಕೆಯ ಫೋಲ್ಡರ್ ಖಾಲಿ!

ಪ್ರಶ್ನೆ (ಸದಾಶಿವ ಪೇಠೆ, ಪುಣೆ): ನಮ್ಮದು ಲಗ್ನಪತ್ರಿಕೆ ಮುದ್ರಿಸುವ ಅಂಗಡಿ, ಕನ್ನಡ ಮರಾಠಿ ಎರಡೂ. ಹಳೆಯ ಕಂಪ್ಯೂಟರಿಗೆ ಉಬುಂಟು ಲಿನಕ್ಸ್ ಹಾಕಿ, ಯುಎಸ್‌ಬಿ ಡಿಸ್ಕ್ ಜೋಡಿಸಿ, ಸಾಂಬಾ ಎಂಬ ತಂತ್ರಾಂಶದ ಮೂಲಕ ವಿಂಡೋಸ್ ಯಂತ್ರಗಳಿಗೆ ಕಡತ ಹಂಚುತ್ತಿದ್ದೇವೆ. ಗುರುವಾರ ದುರಸ್ತಿಗೆಂದು ಕರೆಂಟು ತೆಗೆದು ಮತ್ತೆ ಕೊಟ್ಟಾಗಲೆಲ್ಲ ಫೋಲ್ಡರ್ ತೆರೆಯುತ್ತದೆ, ಒಳಗೆ ಏನೂ ಇರುವುದಿಲ್ಲ. ಸಾಂಬಾವನ್ನು ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಪ್ರತ್ಯಕ್ಷ. ಸಾಂಬಾದ ಸೇವೆ (ಎಸ್‌ಎಂಬಿಡಿ) ತಾನಾಗಿ ಆರಂಭವಾಗಲೆಂದು ‘ಸಿಸ್ಟಮ್‌ಸಿಟಿಎಲ್ ಎನೇಬಲ್ ಎಸ್‌ಎಂಬಿಡಿ’ ಕೊಟ್ಟು ನೋಡಿದ್ದಾಯಿತು.

ಉತ್ತರ: ಎನೇಬಲ್ ಎಷ್ಟು ಸಲ ಕೊಟ್ಟರೂ ಅಷ್ಟೇ. ಉಬುಂಟುವಿನಲ್ಲಿ ಸಾಂಬಾ ಹಾಕಿದಾಗಲೇ ಅದು ತಾನಾಗಿ ಆರಂಭವಾಗುವಂತೆ ಹೊಂದಿಸಿರುತ್ತದೆ. ನಿಮ್ಮಲ್ಲಿ ಅದು ಡಿಸ್ಕಿಗಿಂತ ಮೊದಲೇ ಎದ್ದು ಕೂರುತ್ತಿರುವಂತಿದೆ. ಯಾವ ಡಿಸ್ಕ್ ಎಲ್ಲಿ ಸೇರಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕಿನ ಸಾಲಿಗೆ ‘ನೋಫೇಲ್’ ಇದೆಯೇ?

ಪ್ರಶ್ನೆ: ಇದೆ. ಡಿಸ್ಕ್ ಕಿತ್ತಿಟ್ಟಾಗ ಯಂತ್ರ ಅರ್ಧಕ್ಕೆ ನಿಲ್ಲುತ್ತಿತ್ತು, ಅದಕ್ಕೆ ಹಾಕಿದೆವು. ಡಿಸ್ಕ್ ಮೌಂಟ್ ಆಗುವ, ಅಂದರೆ ಅದರ ಕಡತಗಳು ಕಾಣಿಸಿಕೊಳ್ಳುವ ಫೋಲ್ಡರ್ /ಎಂಎನ್‌ಟಿ/ಪತ್ರಿಕೆ.

ಉತ್ತರ: ಹಾಗಾದರೆ ಕಾರಣ ಸಿಕ್ಕಿತು. ನೋಫೇಲ್ ಇದ್ದಾಗ, ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಆ ಡಿಸ್ಕಿಗೆ ಕಾಯುವುದಿಲ್ಲ. ಡಿಸ್ಕ್ ತಿರುಗಿ ಸಿದ್ಧವಾಗುವಷ್ಟರಲ್ಲಿ ಸಾಂಬಾ ಬಾಗಿಲು ತೆರೆದಿರುತ್ತದೆ, ವಿಂಡೋಸ್ ಯಂತ್ರ ಒಳಗೆ ಬಂದು ಬರಿದಾದ ‘ಪತ್ರಿಕೆ’ ಫೋಲ್ಡರಿನಲ್ಲಿ ನಿಂತುಬಿಡುತ್ತದೆ. ಆಮೇಲೆ ಡಿಸ್ಕ್ ಅದರ ಮೇಲೆ ಮೌಂಟ್ ಆದರೂ ಹಳೆಯ ಸಂಪರ್ಕಕ್ಕೆ ಕಾಣುವುದು ಕೆಳಗಿನ ಖಾಲಿ ಜಾಗವೇ.

ನೋಫೇಲ್ ಇರಲಿ. ‘ಸುಡೋ ಸಿಸ್ಟಮ್‌ಸಿಟಿಎಲ್ ಎಡಿಟ್ ಎಸ್‌ಎಂಬಿಡಿ’ ಕೊಡಿ. ತೆರೆದ ಕಡತದಲ್ಲಿ [ಯೂನಿಟ್] ಎಂಬ ತಲೆಸಾಲು, ಅದರ ಕೆಳಗೆ ‘ರಿಕ್ವಾಯರ್ಸ್‌ಮೌಂಟ್ಸ್‌ಫಾರ್=/ಎಂಎನ್‌ಟಿ/ಪತ್ರಿಕೆ’ ಬರೆದು ಉಳಿಸಿ. ರಿಕ್ವಾಯರ್ಸ್, ಮೌಂಟ್ಸ್, ಫಾರ್ ಎಂಬ ಮೂರು ಇಂಗ್ಲಿಷ್ ಪದಗಳ ನಡುವೆ ಜಾಗ ಬಿಡಬೇಡಿ. ಪ್ರತಿಯೊಂದರ ಮೊದಲಕ್ಷರ ಮಾತ್ರ ದೊಡ್ಡದು. ಇನ್ನು ಡಿಸ್ಕ್ ಬರದೆ ಸಾಂಬಾ ಏಳುವುದಿಲ್ಲ. ಡಿಸ್ಕ್ ಕೆಟ್ಟ ದಿನ ಹಂಚಿಕೆಯೇ ಇರುವುದಿಲ್ಲ ಎಂದು ಗೊಣಗಬೇಡಿ. ಖಾಲಿ ಫೋಲ್ಡರ್ ತೋರಿಸುವುದಕ್ಕಿಂತ ಅದೇ ಮೇಲು.

ಏಕೆಂದರೆ, ಆ ಗುರುವಾರಗಳಲ್ಲಿ ಯಾರಾದರೂ ಖಾಲಿ ಫೋಲ್ಡರಿಗೆ ಏನನ್ನಾದರೂ ಉಳಿಸಿದ್ದರೆ ಅದು ಒಳಗಿನ ಡಿಸ್ಕಿಗೆ ಹೋಗಿ, ಮೌಂಟ್ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಸಾಂಬಾ ನಿಲ್ಲಿಸಿ, ‘ಯುಮೌಂಟ್’ ಮಾಡಿ (ಡಿಸ್ಕನ್ನು ಆ ಫೋಲ್ಡರಿನಿಂದ ಬೇರ್ಪಡಿಸಿ) ಒಮ್ಮೆ ನೋಡಿ.

ಪ್ರಶ್ನೆ: ನೋಡಿದೆ. ಕಳೆದುಹೋಯಿತೆಂದು ಮತ್ತೆ ಕೂತು ಜೋಡಿಸಿದ್ದ ಒಂದು ಮುಂಜಿ ಪತ್ರಿಕೆ ಅಲ್ಲಿದೆ!

ಉತ್ತರ: ಬೇರೆಡೆಗೆ ಎತ್ತಿಡಿ. ಯುಮೌಂಟ್ ಸ್ಥಿತಿಯಲ್ಲೇ ಆ ಫೋಲ್ಡರಿಗೆ ‘ಚ್ಯಾಟರ್ +ಐ’ ಕೊಟ್ಟರೆ ಮುಂದೆ ಅಲ್ಲಿ ಯಾರೂ ಬರೆಯಲಾಗದು. ಆಮೇಲೆ ಮೌಂಟ್ ಮಾಡಿ, ಯಂತ್ರ ರೀಬೂಟ್ ಮಾಡಿ. ಗುರುವಾರದವರೆಗೆ ಕಾಯಬೇಕಿಲ್ಲ. ಆಗಲೂ ಸಾಂಬಾ ಏಳದಿದ್ದರೆ ‘ಜರ್ನಲ್‌ಸಿಟಿಎಲ್ -ಬಿ -ಯು ಎಸ್‌ಎಂಬಿಡಿ’ ಕಾರಣ ಹೇಳುತ್ತದೆ.

ಇನ್ನೊಬ್ಬರು (ಡೊಂಬಿವಲಿ): ನನ್ನದು ಫೆಡೋರಾ, ಇನ್ನೊಂದು ಬಗೆಯ ಲಿನಕ್ಸ್. ಎಸ್‌ಎಂಬಿಡಿ ಎಂಬ ಸೇವೆಯೇ ಇಲ್ಲ ಎನ್ನುತ್ತದೆ.

ಉತ್ತರ: ಅಲ್ಲಿ ಸೇವೆಯ ಹೆಸರು ಬರೀ ‘ಎಸ್‌ಎಂಬಿ’. ತಾನಾಗಿ ಆರಂಭವಾಗುವುದೂ ಇಲ್ಲ, ‘ಎನೇಬಲ್ --ನೌ’ ನೀವೇ ಕೊಡಬೇಕು. ಫೈರ್‌ವಾಲ್‌ನಲ್ಲಿ ಸಾಂಬಾಕ್ಕೆ ಅನುಮತಿ ಕೊಡಿ, ಆದರೆ ರೌಟರಿನಲ್ಲಿ ಸಾಂಬಾ ಬಳಸುವ 445ನೇ ಪೋರ್ಟನ್ನು ಹೊರಗಿನ ಇಂಟರ್ನೆಟ್ಟಿಗೆ ಎಂದೂ ತೆರೆಯಬೇಡಿ.