ಮೊನ್ನೆ ಗಾಳಿಗೆ ಬಿದ್ದಿದ್ದು: ಮರ ಎತ್ತೋ ಮುಂಚೆ ಇಲ್ಲಿ ಓದಿ

ಅಡ್ಮಿನ್: ಎಲ್ರೂ ಒಂದ್ನಿಮಿಷ ನೋಡಿ. ನಷ್ಟದ ಸರ್ವೆಗೆ ಬಂದೋರು ಮೇನ್ ರೋಡಲ್ಲೇ ಗಾಡಿ ತಿರುಗಿಸ್ಕೊಂಡು ಊರು ಚೆನ್ನಾಗೇ ಇದೆಯಲ್ರೀ ಅಂದ್ಬಿಟ್ಟು ಹೋಗಿದಾರೆ. ರೋಡಿಂದ ನೋಡಿದ್ರೆ ಹೌದು, ಏನೂ ಆಗಿಲ್ಲ. ಗಾಳಿ ಕೆರೆ ಏರಿ ಹತ್ರ ಶುರುವಾಗಿ ನಮ್ಮ ಬಡಾವಣೆ ಹಿಂದಿನ ಲೈನು, ಆಮೇಲೆ ತೋಟಗಳು, ಆಮೇಲೆ ಹಟ್ಟಿ ತನಕ ಹೋಗಿದೆ, ಅಗಲ ನೋಡಿದ್ರೆ ನೂರು ಮಾರೂ ಇಲ್ಲ. ಅದಕ್ಕೇ ಹೇಳ್ತಿರೋದು, ಮೊದ್ಲು ಫೋಟೋ, ಆಮೇಲೆ ಮರ ಎತ್ತಿ.

ಹಿಂದಿನ ಲೈನ್ ಕೊನೇ ಮನೆ: ನಮ್ಮ ಕೊಟ್ಟಿಗೆ ಶೀಟು ಅಷ್ಟೂ ಹೋಗಿದೆ, ಒಂದು ಕರೆಂಟ್ ತಂತಿಗೆ ಸುತ್ಕೊಂಡು ಇನ್ನೂ ನೇತಾಡ್ತಿದೆ, ಎದುರು ಮನೇಲಿ ಒಣಗಾಕಿದ್ದ ಸೀರೆ ಕ್ಲಿಪ್ ಸಮೇತ ಹಾಗೇ ಇದೆ ಅಂದ್ರೆ ನಂಬ್ತೀರಾ.

ಅಡ್ಮಿನ್: ಕೋಲಲ್ಲಿ ಗೀಲಲ್ಲಿ ಎಳೀಬೇಡಿ ಮಾರಾಯ್ರೆ. 1912ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ಇಲ್ಲಿ ಹಾಕಿ.

ಅಂಗಡಿ ಮನೆ: ಇದು ಸುಂಟರಗಾಳಿನಾ ಇಲ್ಲಾ ಬರೀ ಭರಣಿ ಮಳೆ ಗಾಳಿನಾ? ಟಿವೀಲಿ ತೋರಿಸ್ತಾರಲ್ಲ ಆ ತರ ಏನೂ ಕಾಣ್ಲಿಲ್ಲಪ್ಪ.

ರಿಟೈರ್ಡ್ ಮೇಷ್ಟ್ರು: ಮಳೆ, ಧೂಳಿನ ಮಧ್ಯೆ ಕಾಣಲೇಬೇಕು ಅಂತೇನಿಲ್ಲ. ಬಿದ್ದ ಮರ ನೋಡಿ. ಮೋಡದಿಂದ ಗಾಳಿ ಧಪ್ ಅಂತ ಇಳಿದು ಹರಡಿದ್ರೆ ಮರಗಳೆಲ್ಲ ಒಂದೇ ದಿಕ್ಕಿಗೆ, ಇಲ್ಲಾ ಬೀಸಣಿಗೆ ಬಿಚ್ಚಿದ ಹಾಗೆ ಬಿದ್ದಿರ್ತವೆ. ತಿರುಗೋ ಗಾಳಿ ಆದ್ರೆ ಎರಡೂ ಕಡೆಯವು ಒಳಮುಖಕ್ಕೆ, ಒಂದರ ಮೇಲೊಂದು. ಕಾಲುವೆ ಪಕ್ಕದ ತೋಟದಲ್ಲಿ ಹಾಗೇ ಇದೆ, ಅಡಿಕೆ ಮರ ನಡುವಲ್ಲೇ ತಿರುಚಿ ಸಿಬಿರೆದ್ದಿದೆ. ಸಣ್ಣದೇ ಇರ್ಬೇಕು, ಆದ್ರೆ ಅತಿ ಸಣ್ಣ ದರ್ಜೆ ಅಂದ್ರೂ ಗಂಟೆಗೆ 105ರಿಂದ 137 ಕಿ.ಮೀ. 2024ರ ಮಾರ್ಚ್ 31ಕ್ಕೆ ಬಂಗಾಳದ ಜಲಪೈಗುರಿ ಕಡೆ ಬಂದಿದ್ದು ಇದಕ್ಕಿಂತ ಜೋರು, ಅಲ್ಲಿ ಜನಾನೂ ಸತ್ರು.

ಅಂಗಡಿ ಮನೆ: ಹೆಸರೇನಾದ್ರೂ ಇರ್ಲಿ ಸಾರ್, ದುಡ್ಡು ಬರುತ್ತಾ? ವಿಮೆ ಕಟ್ಟಿದೀವಲ್ಲ.

ಕಾಲುವೆ ತೋಟ: ಅಡಿಕೆ ವಿಮೆ ಪಂಚಾಯ್ತಿ ಮಳೆಮಾಪಕದ ಅಂಕಿ ನೋಡಿ ಕೊಡೋದು, ನಿನ್ ತೋಟದಲ್ಲಿ ಎಷ್ಟು ಮರ ಬಿತ್ತು ಅಂತ ಯಾರೂ ಎಣಿಸಲ್ಲ. ಉಳಿದಿದ್ದು ಎಸ್‌ಡಿಆರ್‌ಎಫ್, ಅಂದ್ರೆ ರಾಜ್ಯ ವಿಪತ್ತು ಪರಿಹಾರ ನಿಧಿ; 2022-26ರ ದರದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರ್ ತನಕ. ಹೆಕ್ಟೇರಿಗೆ ಸಾವಿರದ ಮುನ್ನೂರು ಚಿಲ್ರೆ ಮರ ಹಿಡಿದ್ರೆ ಮರಕ್ಕೆ 16-17 ರೂಪಾಯಿ, ಸಸಿ ದುಡ್ಡೂ ಹುಟ್ಟಲ್ಲ! ಅದಕ್ಕಿಂತ ದೊಡ್ಡ ತಕರಾರು 33 ಪರ್ಸೆಂಟ್ ನಷ್ಟ ಆಗಿರ್ಬೇಕು ಅನ್ನೋದು. ಈ ಗಾಳಿ ಎಲ್ರ ತೋಟದಲ್ಲೂ ಒಂದೊಂದು ಪಟ್ಟಿ ಕಿತ್ಕೊಂಡು ಹೋಗಿದೆ. ನಂದೇ ನೋಡಿ, ಮೂರೆಕರೇಲಿ ಮುಕ್ಕಾಲು ಎಕರೆ ಮಲಗಿದೆ, ಅಂದ್ರೆ 25 ಪರ್ಸೆಂಟ್, ಅಂದ್ರೆ ಸೊನ್ನೆ.

ಅಡ್ಮಿನ್: ಹಾಗಾದ್ರೆ ಒಬ್ಬೊಬ್ಬರೇ ಅರ್ಜಿ ಹಾಕಿದ್ರೆ ಕತೆ ಮುಗೀತು. ಏರಿಯಿಂದ ಹಟ್ಟಿ ತನಕ ಒಂದೇ ನಕ್ಷೆ ಮಾಡಿ ತಹಶೀಲ್ದಾರ್ ಹತ್ರ ಒಟ್ಟಿಗೆ ಹೋಗಣ, ಹಿಸ್ಸಾವಾರು, ಅಂದ್ರೆ ಸರ್ವೆ ನಂಬರಿನ ಒಂದೊಂದು ಪಾಲೂ ಬೇರೆ ಬೇರೆ ಬಿಡಿಸಿ, ಜಂಟಿ ಸರ್ವೆ ಮಾಡ್ಸಿ ಅಂತ ಕೇಳಣ. ಫೋಟೋದಲ್ಲಿ ತಾರೀಖು, ಲೊಕೇಶನ್, ಮರ ಬಿದ್ದ ದಿಕ್ಕು ಮೂರೂ ಕಾಣ್ಬೇಕು. ಪಹಣಿ ಜೆರಾಕ್ಸ್ ತನ್ನಿ. ಹಟ್ಟಿಯೋರು ಈ ಗುಂಪಲ್ಲಿಲ್ಲ, ಅವರಿಗೆ ಯಾರಾದ್ರೂ ಹೋಗಿ ಹೇಳ್ಬೇಕು, ಅಲ್ಲಿ ಮನೆ ಮೇಲೆ ಸೂರೇ ಇಲ್ಲ, ನಾವು ಅಡಿಕೆ ಲೆಕ್ಕ ಹಾಕ್ತಾ ಕೂತಿದೀವಿ.

ಅಂಗಡಿ ಮನೆ: ನಾನು ಈಗ್ಲೇ ಹೋಗ್ತೀನಿ, ಟಾರ್ಪಲ್ ಎರಡಿದೆ, ತಗೊಂಡೇ ಹೋಗ್ತೀನಿ.

ಕೊನೇ ಮನೆ: ನಮ್ಮ ಕೊಟ್ಟಿಗೆ ಕತೆ?

ಕಾಲುವೆ ತೋಟ: ಮನೆಗೆ ಸೇರಿದ ಕೊಟ್ಟಿಗೆ ಆದ್ರೆ ಅದೇ ದರದಲ್ಲಿ 3,000 ರೂಪಾಯಿ.

ಕೊನೇ ಮನೆ: ಮಧ್ಯ ಮೂರಡಿ ಓಣಿ ಇದೆ, ಅದು ಸೇರಿದಂಗಾ ಬೇರೆನಾ?

ಅಡ್ಮಿನ್: ಅದನ್ನ ಅವರ ಬಾಯಲ್ಲೇ ಹೇಳ್ಸಣ. ನಾಳೆ ಏಳಕ್ಕೆ ಡೈರಿ ಹತ್ರ, ಹಾಲು ಹಾಕಿದ್ಮೇಲೆ ಯಾರೂ ಮನೆಗೆ ಓಡ್ಬೇಡಿ.