ತುಮಕೂರಿನ ಹುಡುಗನಿಗೆ ಬ್ಯಾಂಕಾಕ್ ಟೀಮಿಂದ ಕರೆ, ಇಲ್ಲಿನ ಟೀಮ್ ಬಿಡ್ಬೇಕಾ?

ಶಿರಾಗೇಟ್_ಅಣ್ಣ:
ತಮ್ಮ ವ್ಯಾಲರಂಟ್ (ಐದೈದು ಜನ ಆಡೋ ಕಂಪ್ಯೂಟರ್ ಶೂಟಿಂಗ್ ಗೇಮ್) ಆಡ್ತಾನೆ, 17 ವರ್ಷ 8 ತಿಂಗಳು. ಇಲ್ಲಿನ ಟೀಮ್ ಜೊತೆ ಒಂದು ವರ್ಷದ ಕರಾರು, ಇನ್ನೂ ಐದು ತಿಂಗಳು ಬಾಕಿ, ಸಹಿ ಅವನದ್ದೇ. ಈಗ ಬ್ಯಾಂಕಾಕ್ ಟೀಮಿನ ಕೋಚ್ ಅವನಿಗೇ ಡಿಸ್ಕಾರ್ಡಲ್ಲಿ (ಗೇಮರ್‌ಗಳ ಚಾಟ್ ಆ್ಯಪ್) ಮೆಸೇಜ್ ಹಾಕಿದ್ದಾರೆ. ಮೊದಲ ವಾರ ಮನೆಯಿಂದ ಟ್ರಯಲ್, ಆಮೇಲೆ ಅಲ್ಲಿಗೆ. "ಟೂರಿಸ್ಟ್ ಆಗಿ ಬಾ, ಮಿಕ್ಕಿದ್ದು ನೋಡ್ಕೊಳ್ಳೋಣ" ಅಂತಾರೆ. ಹಳೇ ಕರಾರಲ್ಲಿ "ಬಿಟ್ಟ ಮೇಲೆ ಆರು ತಿಂಗಳು ಬೇರೆಲ್ಲೂ ಆಡಬಾರದು" ಅಂತಲೂ ಇದೆ. ಕಳಿಸೋದಾ, ಬೇಡವಾ?

ತಟ್ಟೆಇಡ್ಲಿ_ಕ್ಯಾತ್ಸಂದ್ರ:
ಮೊದಲು ಕರಾರು. 18 ತುಂಬದವರ ಕರಾರು 1872ರ ಕರಾರು ಕಾಯ್ದೆಯ 11ನೇ ಕಲಮಿನಂತೆ ನಿಲ್ಲಲ್ಲ. ಹಾಗಂತ ಹಿಗ್ಗಬೇಡಿ. ಟೀಮ್ ಸಂಬಳ ತಡೆದ್ರೆ ನೀವೂ ಅದೇ ಕಾಗದ ಹಿಡ್ಕೊಂಡು ಕೋರ್ಟಿಗೆ ಹೋಗೋದು ಕಷ್ಟ. ಆದ್ದರಿಂದ ಹೊಸ ಕಾಗದಕ್ಕೂ ಈಗ್ಲೇ ಸಹಿ ಬೇಡ. ಥಾಯ್ಲೆಂಡಲ್ಲಂತೂ ಪ್ರಾಪ್ತ ವಯಸ್ಸು 20, ಅಲ್ಲಿ ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು.

ಆ ಆರು ತಿಂಗಳ ಷರತ್ತಿಗೆ ಹೆದರೋದು ಬೇಡ. ಕರಾರು ಮುಗಿದ ಮೇಲೂ ದುಡಿಮೆಗೆ ಅಡ್ಡ ಹಾಕೋ ಷರತ್ತು 27ನೇ ಕಲಮಿನಲ್ಲಿ ಬಿದ್ದುಹೋಗುತ್ತೆ. ಕ್ರಿಕೆಟಿಗ ಜಹೀರ್ ಖಾನ್ ವಿರುದ್ಧ ಪರ್ಸೆಪ್ಟ್ ಡಿಮಾರ್ಕ್ ಕಂಪನಿ ತಂದ ಕೇಸಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಅವಧಿಯೊಳಗಿನ ನಿರ್ಬಂಧ ಬೇರೆ ಮಾತು, ಕರಾರು ನಿಲ್ಲೋದಾದ್ರೆ ಅದು ನಡೆಯುತ್ತೆ.

ನಿಜವಾದ ತೊಡಕು ಡಿಸ್ಕಾರ್ಡ್ ಮೆಸೇಜು. ಕರಾರಲ್ಲಿರೋ ಆಟಗಾರನನ್ನ ಟೀಮಿಗೆ ಹೇಳದೆ ಸೆಳೆಯೋದು ಈ ಗೇಮ್ ಮಾಡಿದ ಕಂಪನಿ ರಾಯಟ್‌ ನಿಯಮಗಳಲ್ಲಿ ತಪ್ಪು. "ನಮ್ಮ ಮ್ಯಾನೇಜರಿಗೆ ಮೇಲ್ ಹಾಕಿ" ಅಂತ ಒಂದೇ ಸಾಲು ಉತ್ತರ ಕೊಟ್ಟು, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಮೇಲ್ ಬಂದ್ರೆ ಬಿಡುಗಡೆ ಮೊತ್ತ ಮಾತಾಡ್ಬಹುದು, ಇಲ್ಲಾಂದ್ರೆ ಐದು ತಿಂಗಳು ಕಾಯ್ಬಹುದು.

ನಂದಿತಪ್ಪಲು:
ಟೂರಿಸ್ಟ್ ಆಗಿ ಹೋಗಿ ಸಂಬಳಕ್ಕೆ ಆಡೋದು ಬೇಡವೇ ಬೇಡ. ಥಾಯ್ಲೆಂಡಲ್ಲಿ ದುಡಿಯೋಕೆ ನಾನ್ ಇಮಿಗ್ರಂಟ್ ಬಿ ವೀಸಾ, ಅದರ ಮೇಲೆ ವರ್ಕ್ ಪರ್ಮಿಟ್ ಬೇಕು. ಎರಡನ್ನೂ ಯಾರು ಮಾಡಿಸ್ತಾರೆ ಅಂತ ಮೇಲಲ್ಲಿ ಬರೆಸ್ಕೊಳ್ಳಿ.

ಪಾಸ್‌ಪೋರ್ಟ್ ಇಲ್ಲದಿದ್ರೆ ಒಂದು ಸೂಕ್ಷ್ಮ ಇದೆ. ಈಗ 1000 ರೂಪಾಯಿಯ ಅಪ್ರಾಪ್ತರ ಪಾಸ್‌ಪೋರ್ಟ್ ಮಾಡಿಸಿದ್ರೆ 18 ತುಂಬಿದ ದಿನ ಅದು ಮುಗೀತು. 15ರಿಂದ 18ರ ಒಳಗಿನವರು 1500 ಕಟ್ಟಿ ಹತ್ತು ವರ್ಷದ್ದೇ ತಗೋಬಹುದು. ಥಾಯ್ಲೆಂಡ್ ಇಸಿಆರ್ (ಕೆಲಸಕ್ಕೆ ಹೋಗೋರಿಗೆ ಸರ್ಕಾರದ ಕ್ಲಿಯರೆನ್ಸ್ ಬೇಕಾದ) ದೇಶಗಳ ಪಟ್ಟಿಯಲ್ಲಿದೆ, ಅರ್ಜಿ ಜೊತೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇಟ್ಟು ನಾನ್ ಇಸಿಆರ್ ಅಂತಲೇ ಮಾಡಿಸಿ. ಇಸಿಆರ್ ಮುದ್ರೆ ಬಿದ್ರೆ ಕೆಲಸದ ವೀಸಾದಲ್ಲಿ ಹೊರಡುವಾಗ ಕ್ಲಿಯರೆನ್ಸ್ ಕೇಳ್ತಾರೆ.

ಟೊಮೊಟೊಮಂಡಿ_ಕೋಲಾರ:
ಕಾಗದ ಪತ್ರ ಸರಿ, ಆಟದ ಲೆಕ್ಕ? 2023ರಲ್ಲಿ ವ್ಯಾಲರಂಟ್‌ನ ಪೆಸಿಫಿಕ್ ಲೀಗ್ ಶುರುವಾದಾಗ ಹತ್ತು ಟೀಮ್ ಸೀಟಲ್ಲಿ ಭಾರತಕ್ಕೆ ಸಿಕ್ಕಿದ್ದು ಒಂದು, ಗ್ಲೋಬಲ್ ಇಸ್ಪೋರ್ಟ್ಸ್‌ಗೆ. ಅಲ್ಲೂ ಆಡೋ ಐವರಲ್ಲಿ ಕೆಲವರು ಹೊರಗಿನವರೇ. ಇಲ್ಲೇ ಮೇಲಕ್ಕೆ ಹೋಗೋ ಏಣಿ ಬಲು ಕಿರಿದು. ನನ್ನ ಕೇಳಿದ್ರೆ ಹೋಗ್ಲಿ, ಆದರೆ ಆಡೋ ಐದರಲ್ಲಿ ಒಬ್ಬನಾಗಿ ಮಾತ್ರ. ಆರನೇ ಆಟಗಾರ ಅಂತ ಕರೆದ್ರೆ ಇಲ್ಲೇ ವಾರಕ್ಕೆ ಐದು ದಿನ ಸ್ಕ್ರಿಮ್ (ಅಭ್ಯಾಸ ಪಂದ್ಯ) ಆಡೋದು ಮೇಲು.

ಕೋಚನ್ನ ಎರಡು ಕೇಳಿ. ರೌಂಡ್ ಮಧ್ಯೆ ಮಾತಾಡೋದು ಇಂಗ್ಲಿಷಲ್ಲಾ, ಥಾಯಲ್ಲಾ? ಟ್ರಯಲ್ ಯಾವ ಸರ್ವರಲ್ಲಿ? ನಮ್ಮ ಕಡೆ ಫೈಬರಲ್ಲಿ ಪಿಂಗ್ (ಸರ್ವರಿಗೆ ಹೋಗಿ ಬರೋ ಹೊತ್ತು) ಮುಂಬೈಗೆ 30 ಮಿಲಿಸೆಕೆಂಡಿನ ಆಸುಪಾಸು, ಸಿಂಗಪುರಕ್ಕೆ 60. ವ್ಯಾಲರಂಟ್ ಸರ್ವರ್ ಸೆಕೆಂಡಿಗೆ 128 ಟಿಕ್ (ಆಟದ ಸ್ಥಿತಿ ಅಷ್ಟು ಸಲ ಅಪ್‌ಡೇಟ್), ಅಂದ್ರೆ ಆ 30 ಮಿಲಿಸೆಕೆಂಡ್ ವ್ಯತ್ಯಾಸದಲ್ಲಿ ನಾಲ್ಕು ಟಿಕ್ ಹೋಯ್ತು. ಆಪರೇಟರ್ (ಆಟದ ಸ್ನೈಪರ್ ಗನ್) ಹಿಡ್ಕೊಂಡು ಮೂಲೆ ಕಾಯೋನಿಗೆ ಎದುರಿನವನು ಕಾಣೋ ಹೊತ್ತಿಗೆ ಗುಂಡು ಬಿದ್ದಿರುತ್ತೆ. ಈಗಿಂದಲೇ ಸಿಂಗಪುರ ಸರ್ವರಲ್ಲಿ ಪ್ರಾಕ್ಟೀಸ್ ಮಾಡಿಸಿ, ಕಾಯೋದಕ್ಕಿಂತ ತಾನೇ ಇಣುಕೋ ಆಟ ರೂಢಿಯಾಗ್ಲಿ.

ಶಿರಾಗೇಟ್_ಅಣ್ಣ:
ಕರೆಂಟ್ ಹೋದಾಗ ಇನ್ವರ್ಟರ್ ಇದೆ, ಆದ್ರೂ ಪಿಸಿ ರೀಸ್ಟಾರ್ಟ್ ಆಗುತ್ತೆ. ಟ್ರಯಲ್ ನಡುವೆ ಹಾಗಾದ್ರೆ?

ಟೊಮೊಟೊಮಂಡಿ_ಕೋಲಾರ:
ಸ್ಕ್ವೇರ್ ವೇವ್ ಇನ್ವರ್ಟರ್ ಇರ್ಬೇಕು. ಅದು ಬದಲಾಗೋದು ನಿಧಾನ, ಆ ಗ್ಯಾಪಲ್ಲೇ ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಕೈಕೊಡುತ್ತೆ. ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ರೆ ಮೊದಲು ಅದನ್ನ ಹಾಕಿ ನೋಡಿ. ಆಗ್ಲಿಲ್ಲಾಂದ್ರೆ ಪಿಸಿಗೆ 1000–1100 ವಿಎ ಯುಪಿಎಸ್ ಬೇರೆ ಇಡಿ, 600 ವಿಎದು ಗ್ರಾಫಿಕ್ಸ್ ಕಾರ್ಡ್ ಹೊರೆ ತಡೆಯಲ್ಲ. ರೂಟರ್, ಫೈಬರ್ ಡಬ್ಬಿ ಎರಡಕ್ಕೂ ಚಿಕ್ಕ 12 ವೋಲ್ಟ್ ಯುಪಿಎಸ್. ಜನ ಮರೆಯೋದು ಇದನ್ನೇ, ಪಿಸಿ ಉಳ್ಕೊಂಡಿರುತ್ತೆ, ನೆಟ್ ಸತ್ತಿರುತ್ತೆ.

ಮಧುಗಿರಿ_ಬೆಟ್ಟ:
"ನಮ್ಮ ಟೀಮ್ ಬಿಟ್ಟ" ಅಂತ ಮೂಗು ಮುರಿಯೋರಿಗೆ ಒಂದು ಮಾತು. ಬಿಜಿಎಂಐ ಅನ್ನೋ ಮೊಬೈಲ್ ಗೇಮ್ 2022ರ ಜುಲೈಯಲ್ಲಿ ಭಾರತದ ಆ್ಯಪ್ ಸ್ಟೋರ್‌ಗಳಿಂದ ಮಾಯ ಆಗಿ 2023ರ ಮೇನಲ್ಲಿ ವಾಪಸ್ ಬಂತು. ಆ ಹತ್ತು ತಿಂಗಳು ಅದನ್ನೇ ನಂಬಿದ್ದ ಹುಡುಗರ ಕಥೆ ಏನು? ಏಷ್ಯನ್ ಗೇಮ್ಸಿಗೆ ಲೆಕ್ಕಕ್ಕೆ ಬರೋದು ಪೌರತ್ವ, ಕ್ಲಬ್ ಅಲ್ಲ. ಅಲ್ಲಿ ವ್ಯಾಲರಂಟ್ ಸೇರಿದ್ರೆ, ಬ್ಯಾಂಕಾಕಲ್ಲಿದ್ರೂ ಅವನು ಭಾರತಕ್ಕೆ ಆಡ್ಬಹುದು.

ತಟ್ಟೆಇಡ್ಲಿ_ಕ್ಯಾತ್ಸಂದ್ರ:
ತೆರಿಗೆ ಬಿಟ್ಟೋಯ್ತು. ಥಾಯ್ಲೆಂಡ್ ಎಣಿಸೋದು ಜನವರಿಯಿಂದ ಡಿಸೆಂಬರ್, 180 ದಿನ. ನಮ್ಮದು ಏಪ್ರಿಲ್‌ನಿಂದ ಮಾರ್ಚ್, 182. ಅಷ್ಟು ದಿನ ಇದ್ದ ದೇಶದಲ್ಲಿ ತೆರಿಗೆ ಲೆಕ್ಕಕ್ಕೆ ನಿವಾಸಿ ಆಗ್ತಾನೆ. ಒಂದೇ ದುಡ್ಡಿಗೆ ಎರಡೂ ಕಡೆ ಲೆಕ್ಕ ಕೇಳ್ಬಹುದು, ಅಲ್ಲಿ ತೆರಿಗೆ ಮುರಿದ ರಸೀದಿ ತಿಂಗಳು ತಿಂಗಳು ತಗೊಂಡಿಡಿ. ವರ್ಷದ ಕೊನೆಗೆ ಕೇಳಿದ್ರೆ ಅಕೌಂಟ್ಸ್‌ನವರು ಸಿಗಲ್ಲ.