ಸ್ವಾಲ್ಬಾರ್ಡ್ ಕೈಪಿಡಿಯಲ್ಲಿ ಮಂಜು, ಹಿಮ, ಕಂದರ: ಯಾವುದು ಸರಿ?

ಪ್ರಶ್ನೆ: ನಾರ್ವೆಗೆ ಸೇರಿದ, ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳಿಗೆ ಚಾರಣ ಹೋಗುವವರಿಗಾಗಿ ಕನ್ನಡದಲ್ಲಿ ಸುರಕ್ಷತಾ ಕೈಪಿಡಿ ಸಿದ್ಧವಾಗುತ್ತಿದೆ. ಫಾಗ್, ಸ್ನೋ ಎರಡಕ್ಕೂ ‘ಮಂಜು’ ಎಂದೇ ಬರೆದಿದೆ. ಸೀ ಐಸ್, ಗ್ಲೇಸಿಯರ್ ಎರಡಕ್ಕೂ ‘ಮಂಜುಗಡ್ಡೆ’, ಗ್ಲೇಸಿಯರ್ ಮೇಲಿನ ಆಳವಾದ ಬಿರುಕು, ಅಂದರೆ ಕ್ರೆವಾಸ್‌ಗೆ ‘ಕಂದರ’. ಹೀಗೇ ಬಿಡಬಹುದೇ?

ಉತ್ತರ: ಬಿಡಬಾರದು. ‘ಮಂಜು ಬಿದ್ದಾಗ ಡೇರೆಯಿಂದ ದೂರ ಹೋಗಬೇಡಿ’ ಎಂಬ ಸಾಲನ್ನೇ ನೋಡಿ. ಇದನ್ನು ಸ್ನೋ ಬಿದ್ದಾಗ ಎಂದೂ ಓದಬಹುದು. ಸ್ವಾಲ್ಬಾರ್ಡ್‌ನಲ್ಲಿ ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರವಿರಬೇಕೆಂಬುದು 2025ರಿಂದ ಕಾನೂನು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ದಟ್ಟ ಮಂಜಿನಲ್ಲಿ ಐವತ್ತು ಮೀಟರ್ ಆಚೆಗೇ ಏನೂ ಕಾಣದಿದ್ದರೆ ಆ ಅಂತರ ಕಾಯುವುದು ಹೇಗೆ? ಎಚ್ಚರಿಕೆ ಇರುವುದು ಫಾಗ್ ಬಗ್ಗೆ. ಮಡಿಕೇರಿಯವರಿಗೂ ಮಂಜು ಎಂದರೆ ಅದೇ. ಆದ್ದರಿಂದ ಫಾಗ್‌ಗೆ ‘ಮಂಜು’, ಸ್ನೋಗೆ ‘ಹಿಮ’ ಎಂದು ಕೈಪಿಡಿಯುದ್ದಕ್ಕೂ ಕಟ್ಟುನಿಟ್ಟಾಗಿರಲಿ.

ಸೀ ಐಸ್‌ಗೆ ‘ಕಡಲ ಮಂಜುಗಡ್ಡೆ’ ಎನ್ನಿ. ಸುಮಾರು −1.8 ಡಿಗ್ರಿಯಲ್ಲಿ ಉಪ್ಪುನೀರು ಹೆಪ್ಪುಗಟ್ಟಿ ಆದದ್ದು ಅದು. ಅಡಿಯಲ್ಲಿ ನೀರಿನ ಸೆಳೆತ ಜೋರಿದ್ದಲ್ಲಿ ತೆಳ್ಳಗಿರುತ್ತದೆ, ದಡದಂಚಿನಲ್ಲಿ ಉಬ್ಬರವಿಳಿತಕ್ಕೆ ಒಡೆಯುತ್ತದೆ. ಗ್ಲೇಸಿಯರ್‌ಗೆ ಪಠ್ಯಪುಸ್ತಕಗಳ ‘ಹಿಮನದಿ’ಯೇ ಸಾಕು. ಆದರೆ ಮೊದಲ ಸಲ ಬಂದಾಗ, ಇದು ಹೆಪ್ಪುಗಟ್ಟಿದ ಹೊಳೆಯಲ್ಲ, ವರ್ಷವರ್ಷದ ಹಿಮ ಒತ್ತಿಕೊಂಡು ಗಟ್ಟಿಯಾಗಿ ಮೆಲ್ಲಗೆ ಜರುಗುವ ರಾಶಿ ಎಂದು ಒಂದು ಸಾಲು ಸೇರಿಸಿ.

‘ಕಂದರ’ವನ್ನಂತೂ ತೆಗೆಯಲೇಬೇಕು. ಕಂದರ ದೂರದಿಂದಲೇ ಕಾಣುತ್ತದೆ. ಹಿಮ ಮುಚ್ಚಿದ ಕ್ರೆವಾಸ್ ಕಾಣುವುದಿಲ್ಲ, ಅಪಾಯವಿರುವುದೇ ಅಲ್ಲಿ. ‘ಹಿಮಸೀಳು’ ಎಂದರೆ ಅರ್ಥ ನೇರವಾಗಿ ತಾಗುತ್ತದೆ. ಅದರ ಬಾಯಿ ಮುಚ್ಚಿರುವ ಸ್ನೋ ಬ್ರಿಜ್‌ಗೆ ‘ಹಿಮಸೇತುವೆ’ ಬೇಡ. ಸೇತುವೆ ಎಂದರೆ ದಾಟಲು ಕಟ್ಟಿದ್ದು ಎಂದಾಗುತ್ತದೆ. ‘ಹಿಮದ ಮುಚ್ಚಿಗೆ’ ಎನ್ನಿ. ಜೊತೆಗೆ ಕ್ರಮವನ್ನೂ ಬರೆಯಿರಿ: ಮುಂದಿರುವವರು ಕೋಲಿನಿಂದ ಚುಚ್ಚಿ ನೋಡುತ್ತಾ ಹೋಗಬೇಕು. ಸೀಳಿಗೆ ಅಡ್ಡಲಾಗಿ ದಾಟಬೇಕು. ಅದರ ಉದ್ದಕ್ಕೇ ನಡೆದರೆ ಇಡೀ ತಂಡ ಒಂದೇ ಮುಚ್ಚಿಗೆಯ ಮೇಲಿರುತ್ತದೆ. ತಂಡದವರನ್ನು ಒಬ್ಬರಿಗೊಬ್ಬರು ಕಟ್ಟಿದ ಹಗ್ಗ ಜೋಲಬಾರದು. ಜೋತಷ್ಟೂ ಬೀಳುವವರ ವೇಗ ಹೆಚ್ಚಿ, ಹಿಂದಿನವರನ್ನೂ ಎಳೆದುಕೊಳ್ಳುತ್ತದೆ.

ಇನ್ನು ‘ವೀಸಾ ಬೇಕಿಲ್ಲ’ ಎಂಬ ಸಾಲು ಇದ್ದರೆ ಅದನ್ನೂ ತಿದ್ದಿ. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ನಿಜ. ಆದರೆ ಅದು ಶೆಂಗೆನ್ ವಲಯದ ಹೊರಗಿದೆ, ದಾರಿ ಶೆಂಗೆನ್‌ನಲ್ಲಿರುವ ನಾರ್ವೆಯ ಮುಖ್ಯ ಭೂಭಾಗದ ಮೂಲಕ. ಹೋಗುವಾಗೊಮ್ಮೆ, ಮರಳುವಾಗೊಮ್ಮೆ ಶೆಂಗೆನ್ ಪ್ರವೇಶಿಸುವುದರಿಂದ ಭಾರತದ ಪಾಸ್‌ಪೋರ್ಟ್ ಇರುವವರು ‘ಎರಡು ಪ್ರವೇಶದ ಶೆಂಗೆನ್ ವೀಸಾ’ ಮಾಡಿಸಿಕೊಳ್ಳಬೇಕು.